ಪೋಲೆಂಡಿನ ಹಳೇ ಊರಿಗೆ ಹೊರಟಿದ್ದೀರಾ? ಯಹೂದಿ ಮನೆತನದ ಬೇರು ಹುಡುಕಲು ಸಮಗ್ರ ಮಾರ್ಗದರ್ಶಿ

ಕಳೆದ ಒಂದು ವರ್ಷದಲ್ಲಿ ಮೂರು ಮನೆಯವರು ನನಗೆ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. "ಊರಿಗೆ ಹೋದ್ವಿ, ಚೌಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ್ವಿ, ಯಾರನ್ನ ಏನು ಕೇಳಬೇಕು ಅಂತ ಗೊತ್ತಾಗಲಿಲ್ಲ, ಸಂಜೆ ಬಸ್ಸಿಗೆ ವಾಪಸ್ ಬಂದ್ವಿ." ಎಲ್ಲರೂ ಅಮೆರಿಕದಲ್ಲಿರುವ ಕನ್ನಡದವರು, ಯಹೂದಿ ಮನೆಗೆ ಸೊಸೆಯೋ ಅಳಿಯನೋ ಆದವರು. ಮಕ್ಕಳಿಗೆ ಎರಡೂ ಕಡೆಯ ಮೂಲ ತೋರಿಸಬೇಕು ಅಂತ ಆಸೆಪಟ್ಟು, ರಜೆ ಹಾಕಿ ಹೋದವರು.

ನಮಗೂ ಮೊದಲ ಸಲ ಹಾಗೇ ಆಯಿತು. ನನ್ನ ಗಂಡನ ಮುತ್ತಜ್ಜಿ ತಿಕೊಚಿನ್ ಎಂಬ ಪುಟ್ಟ ಊರಿನವರು. ಬ್ಯಾವಿಸ್ಟೊಕ್ ನಗರದ ಪಶ್ಚಿಮಕ್ಕೆ, ನಾರೆವ್ ನದಿಯ ದಡದಲ್ಲಿದೆ. ನಾವು ಜುಲೈ ತಿಂಗಳ ಒಂದು ಶನಿವಾರ ಹೋದೆವು. ಸ್ಮಶಾನದಲ್ಲಿ ಹುಲ್ಲು ಸೊಂಟದ ತನಕ ಬೆಳೆದಿತ್ತು. ಕಚೇರಿಗೆ ಬೀಗ. ಕೈಯಲ್ಲಿದ್ದದ್ದು ಒಂದು ಹೆಸರು ಮಾತ್ರ, ಅದೂ ನ್ಯೂಯಾರ್ಕಿನಲ್ಲಿ ಬದಲಾದ ಹೆಸರು. ಎರಡನೇ ಸಲ ಏಪ್ರಿಲ್‌ನಲ್ಲಿ ಹೋದೆವು. ಅಷ್ಟರಲ್ಲಿ ಮುತ್ತಜ್ಜಿಯ ತಂದೆಯ ಹೆಸರು, ಕಸುಬು, ಮನೆ ನಂಬರು ಎಲ್ಲ ಗೊತ್ತಿತ್ತು. ಸಮಾಧಿ ಸಿಗಲಿಲ್ಲ. ಆದರೆ ಅವರ ಮನೆ ಇದ್ದ ಬೀದಿಯಲ್ಲಿ, ಗೊತ್ತಿದ್ದೇ ನಿಂತಿದ್ದೆವು.

ನಡುವೆ ಆದದ್ದು ಇಷ್ಟೇ: ಆರು ತಿಂಗಳು ಮನೆಯಲ್ಲಿ ಕೂತು ಕೆಲಸ ಮಾಡಿದೆವು. ಆ ಕೆಲಸದ ಕ್ರಮ ಕೆಳಗಿದೆ. ದಯವಿಟ್ಟು ಹಂತಗಳನ್ನು ಹಿಂದುಮುಂದು ಮಾಡಬೇಡಿ. ಟಿಕೆಟ್ ಮೊದಲು, ಹುಡುಕಾಟ ಆಮೇಲೆ ಅಂತ ಹೋದವರೇ ಬರಿಗೈಲಿ ಬರುತ್ತಿರುವುದು.

ಹಂತ 1: ಮನೆಯಲ್ಲಿರುವ ಕಾಗದ ಹೊರಗೆ ತೆಗೆಯಿರಿ

ಮೊದಲು ಪೋಲೆಂಡನ್ನು ಮರೆತುಬಿಡಿ. ಅಲ್ಲಿಂದ ಬಂದವರ ಕಾಗದಗಳು ನಿಮ್ಮ ಕಡೆಯೇ ಇವೆ. ಪೌರತ್ವದ ಅರ್ಜಿ, ಹಡಗಿನ ಪ್ರಯಾಣಿಕರ ಪಟ್ಟಿ, ಮದುವೆಯ ಕರಾರು ಪತ್ರವಾದ ಕೆತುಬಾ, ಹಳೇ ಫೋಟೋಗಳ ಹಿಂದೆ ಬರೆದ ಸಾಲುಗಳು. ಎಲ್ಲದರ ಫೋಟೋ ತೆಗೆದು ಒಂದೇ ಕಡೆ ಇಡಿ.

ಹೆಚ್ಚಿನವರು ಬಿಟ್ಟುಬಿಡುವ ಜಾಗ ಒಂದಿದೆ: ವಲಸೆ ಬಂದವರ ಸಮಾಧಿ ಕಲ್ಲು. ಅದರ ಮೇಲಿನ ಹೀಬ್ರೂ ಸಾಲಿನಲ್ಲಿ ತೀರಿಕೊಂಡವರ ತಂದೆಯ ಹೆಸರು ಇರುತ್ತದೆ. ಇಂಗ್ಲಿಷ್ ಸಾಲಿನಲ್ಲಿ ಇರುವುದಿಲ್ಲ. ಆ ಒಂದು ಹೆಸರಿನಿಂದ ನೀವು ಒಂದು ತಲೆಮಾರು ಹಿಂದಕ್ಕೆ ಹೋದ ಹಾಗೆ. ಜೊತೆಗೆ ಆ ಸಮಾಧಿ ಯಾವ ಸಾಲಿನಲ್ಲಿದೆ ನೋಡಿ. ಒಂದೇ ಊರಿಂದ ಬಂದವರು ಸೇರಿ ಲಾಂಡ್ಸ್‌ಮನ್‌ಶಾಫ್ಟ್ ಎಂಬ ಸಂಘ ಕಟ್ಟಿಕೊಂಡು, ಸ್ಮಶಾನದಲ್ಲೂ ಒಟ್ಟಿಗೆ ಜಾಗ ಕೊಳ್ಳುತ್ತಿದ್ದರು. ಆ ಜಾಗದ ಗೇಟಿನ ಮೇಲೆ ಊರಿನ ಹೆಸರೇ ಕೆತ್ತಿರಬಹುದು.

ಮನೆಯ ಹಿರಿಯರನ್ನು ಮಾತಾಡಿಸಿ, ರೆಕಾರ್ಡ್ ಮಾಡಿಕೊಳ್ಳಿ. "ಯಾವ ಊರು" ಅಂತ ಸುಮ್ನೆ ಕೇಳಿದರೆ "ಪೋಲೆಂಡ್" ಅಂತಾರೆ, ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಏನಂತ ಕರೀತಿದ್ರು, ಮನೆ ಹತ್ತಿರ ನದಿ ಇತ್ತಾ, ಅಪ್ಪ ಏನು ಮಾರುತ್ತಿದ್ದರು, ಸಂತೆ ಯಾವ ದಿನ, ಹಿಂದೆ ಉಳಿದವರು ಯಾರು ಅಂತ ಕೇಳಿ.

ಎಚ್ಚರಿಕೆ: ಕಾಗದದಲ್ಲಿ "ರಷ್ಯಾ" ಅಂತಿದ್ದರೆ ಈಗಿನ ರಷ್ಯಾದಲ್ಲಿ ಹುಡುಕಬೇಡಿ. 1918ರವರೆಗೆ ಪೋಲೆಂಡ್ ಮೂರು ಸಾಮ್ರಾಜ್ಯಗಳ ನಡುವೆ ಹರಿದು ಹಂಚಿಹೋಗಿತ್ತು. ವಾರ್ಸಾದವರೂ "ರಷ್ಯಾ", ಕ್ರಾಕೋವ್‌ನವರು "ಆಸ್ಟ್ರಿಯಾ", ಪೊಜ್ನಾನ್‌ನವರು "ಜರ್ಮನಿ" ಅಂತ ಬರೆಸಿದ್ದಾರೆ.

ಹಂತ 2: ಊರು ಇದೇ ಅಂತ ಖಚಿತ ಮಾಡಿಕೊಳ್ಳಿ

ಮನೆಯವರು ಹೇಳುವ ಹೆಸರು ಯಿದ್ದಿಷ್ ಹೆಸರು, ಅಂದರೆ ಅಲ್ಲಿನ ಯಹೂದಿಗಳ ಮನೆಮಾತಿನದು. ಭೂಪಟದಲ್ಲಿರುವುದು ಪೋಲಿಷ್ ಹೆಸರು. ತಿಕೊಚಿನ್‌ಗೆ ಯಿದ್ದಿಷ್‌ನಲ್ಲಿ ಟಿಕ್ಟಿನ್. ಕಾಜಿಮಿಯೆಜ್ ದೊಲ್ನಿಗೆ ಕುಜ್ಮಿರ್. ಗುರಾ ಕಲ್ವಾರಿಯಾಗೆ ಗೆರ್. ನೊವಿ ಸೊಂಚ್‌ಗೆ ತ್ಸಾನ್ಜ್. ಕಿವಿಗೆ ಕೇಳಿದ ಹಾಗೆ ಮ್ಯಾಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಯಹೂದಿ ವಂಶಾವಳಿಯ ತಾಣವಾದ ಜ್ಯೂಯಿಷ್‌ಜೆನ್‌ನ ಊರುಗಳ ಕೋಶದಲ್ಲಿ ಹಾಕಿ ನೋಡಿ. ಅದು ಉಚ್ಚಾರಣೆಯ ಹೋಲಿಕೆ ನೋಡಿ ಹುಡುಕುತ್ತದೆ, ಹಳೇ ಹೆಸರುಗಳನ್ನೂ ತೋರಿಸುತ್ತದೆ.

ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ. ತೊಮಾಶುಫ್ ಮಜೋವಿಯೆಟ್ಸ್ಕಿ ಬೇರೆ, ತೊಮಾಶುಫ್ ಲುಬೆಲ್ಸ್ಕಿ ಬೇರೆ. ಎರಡರಲ್ಲೂ ಯಹೂದಿಗಳಿದ್ದರು. ಎರಡರ ನಡುವೆ ಮುನ್ನೂರು ಕಿಲೋಮೀಟರ್ ಹತ್ತಿರ ದೂರ ಇದೆ. ತಪ್ಪು ತೊಮಾಶುಫ್‌ಗೆ ಟಿಕೆಟ್ ಮಾಡಿಸಿದವರನ್ನು ನಾನು ನೋಡಿದ್ದೇನೆ. ಕಾಗದದಲ್ಲಿ ಗುಬೆರ್ನಿಯಾ, ಅಂದರೆ ಆಗಿನ ಪ್ರಾಂತ್ಯದ ಹೆಸರು ಇದೆಯಾ ನೋಡಿ. ನಮ್ಮದರಲ್ಲಿ "ವೊಮ್ಜಾ ಗುಬೆರ್ನಿಯಾ" ಅಂತಿತ್ತು. ಅದರಿಂದಲೇ ಗೊಂದಲ ಬಗೆಹರಿಯಿತು.

ಇನ್ನೊಂದು ಮಾತು. ಆಗ ಪೋಲೆಂಡ್ ಅಂತಿದ್ದ ಊರು ಈಗ ಬೇರೆ ದೇಶದಲ್ಲಿರಬಹುದು. ಲ್ವಿವ್ ಈಗ ಉಕ್ರೇನಿನಲ್ಲಿದೆ, ಗ್ರೊಡ್ನೊ ಬೆಲಾರುಸ್‌ನಲ್ಲಿ, ವಿಲ್ನಿಯಸ್ ಲಿಥುವೇನಿಯಾದಲ್ಲಿ. ವೀಸಾ ಅರ್ಜಿ ಹಾಕುವ ಮುಂಚೆ ಇದನ್ನು ನೋಡಿಕೊಳ್ಳಿ.

ಹಂತ 3: ದಾಖಲೆ ಹುಡುಕಿ

ಜಾಸ್ತಿ ಸಮಯ ಇಲ್ಲೇ ಹೋಗುತ್ತದೆ. ಹೋಗಲಿ ಬಿಡಿ, ಇದಿಲ್ಲದೆ ಮುಂದಿನ ಯಾವ ಹಂತಕ್ಕೂ ಅರ್ಥವಿಲ್ಲ.

ಮೊದಲು ಜೆಆರ್‌ಐ-ಪೋಲೆಂಡ್. 1995ರಲ್ಲಿ ಶುರುವಾದ ಈ ಸೂಚಿಯಲ್ಲಿ ಊರೂರಿನ ಯಹೂದಿ ಜನನ, ಮದುವೆ, ಮರಣದ ನಮೂದುಗಳನ್ನು ಉಚಿತವಾಗಿ ಹುಡುಕಬಹುದು. ಹೆಸರಿನ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಡೈಚ್-ಮೊಕೊಟಾಫ್ ಎಂಬ ಧ್ವನಿ ಹೋಲಿಕೆಯ ಆಯ್ಕೆ ಇದೆ, ಅದನ್ನು ಒತ್ತಿ. ನಮೂದು ಸಿಕ್ಕಿದ ಮೇಲೆ ಪೋಲೆಂಡ್ ಸರ್ಕಾರಿ ಪತ್ರಾಗಾರಗಳ ತಾಣವಾದ "ಶುಕಾಯ್ ವ್ ಅರ್ಹಿವಾಹ್"ಗೆ ಹೋಗಿ. ಪುಸ್ತಕದ ಪುಟದ ಚಿತ್ರವನ್ನೇ ಅಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಗೆನೆತೆಕಾ ತಾಣವನ್ನೂ ಒಮ್ಮೆ ನೋಡಿ. ಅಲ್ಲಿ ಕ್ಯಾಥೊಲಿಕ್ ದಾಖಲೆಗಳೇ ಜಾಸ್ತಿ, ಆದರೂ ಯಹೂದಿ ಪುಸ್ತಕಗಳೂ ಇವೆ.

ಊರು ಯಾವ ಸಾಮ್ರಾಜ್ಯದಲ್ಲಿತ್ತು ಅನ್ನುವುದರ ಮೇಲೆ ದಾಖಲೆಯ ಭಾಷೆ, ರೂಪ ಎರಡೂ ಬದಲಾಗುತ್ತವೆ. ವಾರ್ಸಾ, ಲುಬ್ಲಿನ್, ವೊಮ್ಜಾ ಇದ್ದ ಭಾಗದಲ್ಲಿ 1808ರಿಂದ (ಲುಬ್ಲಿನ್ ಕಡೆ 1810ರಿಂದ) ಪೋಲಿಷ್‌ನಲ್ಲಿ ಬರೆದರು. 1868ರಿಂದ ರಷ್ಯನ್. 1826ಕ್ಕಿಂತ ಮುಂಚೆ ಯಹೂದಿಗಳಿಗೆ ಬೇರೆ ಪುಸ್ತಕ ಇರಲಿಲ್ಲ, ಕ್ಯಾಥೊಲಿಕ್ ಚರ್ಚಿನ ಪುಸ್ತಕದಲ್ಲೇ ಸೇರಿಸಿದ್ದಾರೆ. ಇದು ಗೊತ್ತಿಲ್ಲದೆ "ನಮ್ಮೂರಿನ ದಾಖಲೆ 1826ರಿಂದಲೇ ಇರೋದು" ಅಂತ ಕೈಬಿಟ್ಟವರು ತುಂಬಾ ಜನ. 1821ರ ಆದೇಶಕ್ಕೆ ಮುಂಚೆ ಆ ಕಡೆ ಹೆಚ್ಚಿನವರಿಗೆ ಮನೆತನದ ಹೆಸರೇ ಇರಲಿಲ್ಲ. ಇಂಥವರ ಮಗ ಇಂಥವನು, ಅಷ್ಟೇ.

ದಕ್ಷಿಣದ ಗಲಿಷಿಯಾದಲ್ಲಿ, ಅಂದರೆ ಆಸ್ಟ್ರಿಯಾದ ಕೈಯಲ್ಲಿದ್ದ ಭಾಗದಲ್ಲಿ, ಬೇರೆ ತೊಡಕು. ಅಲ್ಲಿ ಹೆಚ್ಚಿನ ಯಹೂದಿಗಳು ಧಾರ್ಮಿಕವಾಗಿ ಮಾತ್ರ ಮದುವೆಯಾಗುತ್ತಿದ್ದರು, ಸರ್ಕಾರ ಅದನ್ನು ಮದುವೆ ಅಂತ ಒಪ್ಪುತ್ತಿರಲಿಲ್ಲ, ಹಾಗಾಗಿ ಮಕ್ಕಳ ಹೆಸರು ತಾಯಿಯ ಮನೆತನದ ಹೆಸರಿನಲ್ಲಿ ದಾಖಲಾಗಿದೆ. ತಂದೆಯ ಹೆಸರಿನಲ್ಲಿ ಸಿಗಲಿಲ್ಲ ಅಂದರೆ ತಾಯಿಯ ಹೆಸರಿನಲ್ಲಿ ಮತ್ತೆ ಹುಡುಕಿ.

ಪದೇ ಪದೇ ಆಗುವ ಇನ್ನೆರಡು ತಪ್ಪು. ರಷ್ಯನ್ ಕಾಲದ ದಾಖಲೆಯಲ್ಲಿ ಎರಡು ದಿನಾಂಕ ಇರುತ್ತವೆ, 12 ದಿನದ ಅಂತರದಲ್ಲಿ (1900ರ ಮಾರ್ಚ್‌ನಿಂದ 13 ದಿನ). ಎರಡನೆಯದು ನಮ್ಮ ಈಗಿನ ಕ್ಯಾಲೆಂಡರಿನದು, ಅದನ್ನೇ ಬರೆದುಕೊಳ್ಳಿ. ಇನ್ನು ಜನನ ನೋಂದಣಿ ಎಷ್ಟೋ ಸಲ ವರ್ಷಗಟ್ಟಲೆ ತಡವಾಗಿ ಆಗಿದೆ. ಮೂರು ಮಕ್ಕಳನ್ನು ಒಂದೇ ದಿನ ಬರೆಸಿದ್ದೂ ಇದೆ. 1885ರಲ್ಲಿ ಹುಟ್ಟಿದವರನ್ನು 1885ರ ಪುಸ್ತಕದಲ್ಲಿ ಮಾತ್ರ ನೋಡಿ ನಿಲ್ಲಿಸಬೇಡಿ. ಪ್ರತಿ ವರ್ಷದ ಕೊನೆಗೆ ಹೆಸರುಗಳ ಪಟ್ಟಿ ಇರುತ್ತದೆ, ಅದನ್ನು ಮೊದಲು ತೆರೆದರೆ ಕೆಲಸ ಬೇಗ ಆಗುತ್ತದೆ.

ಜನನ ದಾಖಲೆ 100 ವರ್ಷ, ಮದುವೆ ಮತ್ತು ಮರಣ ದಾಖಲೆ 80 ವರ್ಷ ಆಗುವ ತನಕ ಊರಿನ ನೋಂದಣಿ ಕಚೇರಿಯಲ್ಲೇ ಇರುತ್ತವೆ. ಅವು ಬೇಕಿದ್ದರೆ ನೀವು ನೇರ ವಂಶಸ್ಥರು ಅಂತ ಕಾಗದದ ಸರಪಳಿ ತೋರಿಸಬೇಕು. ಅದರ ಪೋಲಿಷ್ ಅನುವಾದ ಪ್ರಮಾಣಿತ ಅನುವಾದಕರಿಂದಲೇ ಆಗಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಈಗಲೇ ಶುರು ಮಾಡಿ.

ಹಂತ 4: ಒಂದು ಹಾಳೆಯ ನಕ್ಷೆ ಮಾಡಿಕೊಳ್ಳಿ

ಎರಡನೇ ಮಹಾಯುದ್ಧದ ನಂತರ, ನಾಜಿಗಳ ಹತ್ಯಾಕಾಂಡದಿಂದ ಬದುಕುಳಿದ ಯಹೂದಿಗಳು ಸೇರಿ ತಮ್ಮ ತಮ್ಮ ಊರಿನ ನೆನಪಿನ ಪುಸ್ತಕ ಬರೆದರು. ಅದಕ್ಕೆ ಯಿಜ್ಕೋರ್ ಪುಸ್ತಕ ಅನ್ನುತ್ತಾರೆ. ಎಷ್ಟೋ ಪುಸ್ತಕಗಳಲ್ಲಿ ನೆನಪಿನಿಂದ ಕೈಯಲ್ಲೇ ಬಿಡಿಸಿದ ಊರಿನ ನಕ್ಷೆ ಇರುತ್ತದೆ. ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಎಲ್ಲಿ, ಸ್ನಾನದ ಮನೆ ಎಲ್ಲಿ, ಯಾರ ಬೇಕರಿ ಎಲ್ಲಿ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಇಂಥ ನೂರಾರು ಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಅನುವಾದಗಳು ಜ್ಯೂಯಿಷ್‌ಜೆನ್‌ನಲ್ಲಿ ಸಿಗುತ್ತವೆ.

ಆ ನಕ್ಷೆಯನ್ನು 1930ರ ದಶಕದ ಪೋಲಿಷ್ ಸೇನಾ ಭೂಪಟದ ಪಕ್ಕ ಇಡಿ, ಆಮೇಲೆ ಈಗಿನ ಉಪಗ್ರಹ ಚಿತ್ರದ ಪಕ್ಕ. ನದಿ, ಚರ್ಚು, ಚೌಕ ಈ ಮೂರು ಜಾಗ ಬಿಟ್ಟು ಕದಲುವುದಿಲ್ಲ. ಅವುಗಳಿಂದ ಅಳತೆ ಹಿಡಿದು ಉಳಿದದ್ದನ್ನು ಗುರುತು ಮಾಡಿ. ಪೋಲೆಂಡಿನ ಯಹೂದಿಗಳ ಇತಿಹಾಸದ ಪೊಲಿನ್ ಮ್ಯೂಸಿಯಂ ನಡೆಸುವ ವರ್ಚುವಲ್ ಶ್ಟೆಟ್ಲ್ ತಾಣದಲ್ಲಿ ನಿಮ್ಮೂರಿನ ಪುಟ ಇದ್ದರೆ ಸ್ಮಶಾನದ ಜಾಗವೂ ಗೊತ್ತಾಗುತ್ತದೆ. 1929ರ ಪೋಲೆಂಡ್ ವ್ಯಾಪಾರ ಡೈರೆಕ್ಟರಿಯಲ್ಲಿ ಊರಿನ ದರ್ಜಿ, ದಿನಸಿ ಅಂಗಡಿಯವರ ಹೆಸರುಗಳಿವೆ. ಅದನ್ನೂ ತೆಗೆದು ನೋಡಿ.

ಹಳೇ ದಾಖಲೆಯಲ್ಲಿ "ಮನೆ ನಂಬರ್ 112" ಅಂತ ಮಾತ್ರ ಇದ್ದು ಬೀದಿಯ ಹೆಸರು ಇಲ್ಲದಿರಬಹುದು. ಅದು ಇಡೀ ಊರಿಗೆ ಕೊಟ್ಟ ನಂಬರು. ಈಗಿನ 112ನೇ ಮನೆಯ ಬಾಗಿಲು ತಟ್ಟಬೇಡಿ.

ಹಂತ 5: ದಿನ ಗೊತ್ತು ಮಾಡಿ, ಪತ್ರ ಬರೆಯಿರಿ

ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದೊಳಗೆ ಅಥವಾ ಅಕ್ಟೋಬರ್‌ನಲ್ಲಿ ಹೋಗಿ. ಬೇಸಿಗೆಯಲ್ಲಿ ಸ್ಮಶಾನಗಳು ಕಾಡಾಗುತ್ತವೆ, ಕಲ್ಲು ಕಣ್ಣಿಗೇ ಬೀಳುವುದಿಲ್ಲ. ಶನಿವಾರ ಯಹೂದಿ ಸ್ಮಶಾನಕ್ಕೆ ಹೋಗಬಾರದು, ಅದು ಶಬ್ಬತ್, ಯಹೂದಿಗಳ ವಾರದ ವಿಶ್ರಾಂತಿಯ ದಿನ. ಭಾನುವಾರ ಕಚೇರಿ, ಅಂಗಡಿ ಎರಡೂ ಮುಚ್ಚಿರುತ್ತವೆ, ಬಸ್ಸು ಕಡಿಮೆ. ಸೋಮವಾರ ಹೆಚ್ಚಿನ ಮ್ಯೂಸಿಯಂಗಳಿಗೆ ರಜೆ, ವಾರ್ಸಾದ ಪೊಲಿನ್‌ಗೆ ಮಾತ್ರ ಮಂಗಳವಾರ. ಹಾಗಾಗಿ ಊರಿಗೆ ಬುಧವಾರ, ಗುರುವಾರ ಇಟ್ಟುಕೊಳ್ಳಿ. ಮೇ 1, ಮೇ 3, ಆಗಸ್ಟ್ 15, ನವೆಂಬರ್ 1 ಸರ್ಕಾರಿ ರಜೆಗಳು.

ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇದ್ದರೂ ಬೇಕು. ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಗಂಡನಿಗೆ ಅಮೆರಿಕದ ಪಾಸ್‌ಪೋರ್ಟ್, ವೀಸಾ ಬೇಡ, ಹೆಂಡತಿಗೆ ಬೇಕು ಅನ್ನುವುದು ಕೊನೇ ವಾರದಲ್ಲಿ ಗೊತ್ತಾಗಿ ಪ್ರವಾಸವೇ ನಿಂತದ್ದಿದೆ.

ಆರು ವಾರ ಮುಂಚೆ ಊರಿನ ಪುರಸಭೆಗೆ, ಮ್ಯೂಸಿಯಂಗೆ, ಪತ್ರಾಗಾರಕ್ಕೆ ಪೋಲಿಷ್‌ನಲ್ಲಿ ಚಿಕ್ಕ ಮಿಂಚಂಚೆ ಕಳಿಸಿ. ಯಾರು ನೀವು, ಯಾವ ಹೆಸರು, ಯಾವ ವರ್ಷ, ಯಾವ ದಿನ ಬರುತ್ತೀರಿ, ಸ್ಮಶಾನದ ಕೀಲಿ ಯಾರ ಹತ್ತಿರ ಇದೆ. ಇಷ್ಟೇ ಸಾಕು. ಮೊದಲ ಸಲ ನಾನು ಒಂದು ಕಚೇರಿಗೆ ಎರಡು ಪುಟದ ಇಂಗ್ಲಿಷ್ ಪತ್ರ ಬರೆದಿದ್ದೆ, ಉತ್ತರವೇ ಬರಲಿಲ್ಲ. ಐದು ಸಾಲಿನ ಪೋಲಿಷ್ ಪತ್ರಕ್ಕೆ ಎರಡೇ ದಿನದಲ್ಲಿ ಬಂತು.

ಹಂತ 6: ವಾರ್ಸಾದಲ್ಲಿ ಒಂದು ದಿನ ಇರಿ

ನೇರವಾಗಿ ಊರಿಗೆ ಓಡಬೇಡಿ. ವಾರ್ಸಾದ ತ್ವೊಮಾಟ್ಸ್ಕಿಯೆ ಬೀದಿ 3/5ರಲ್ಲಿ ಯಹೂದಿ ಇತಿಹಾಸ ಸಂಸ್ಥೆ ಇದೆ. ಅದರೊಳಗಿನ ವಂಶಾವಳಿ ಕೇಂದ್ರದವರು ಉಚಿತವಾಗಿ ಸಹಾಯ ಮಾಡುತ್ತಾರೆ. ನಿಮ್ಮ ದಾಖಲೆಗಳ ಪ್ರತಿ ತೆಗೆದುಕೊಂಡು ಹೋಗಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ಒಂದೇ ಪ್ರಶ್ನೆಯಾಗಿ ಕೇಳಿ. ಮುಂಚೆ ಬರೆದು ಹೋದರೆ ಒಳ್ಳೇದು. ಲುಬ್ಲಿನ್ ಕಡೆಯವರಾದರೆ ಅಲ್ಲಿನ ಗ್ರೊಡ್ಸ್ಕಾ ಗೇಟ್ ಕೇಂದ್ರಕ್ಕೆ ಹೋಗಲೇಬೇಕು. ಯುದ್ಧಕ್ಕೆ ಮುಂಚೆ ಲುಬ್ಲಿನ್‌ನಲ್ಲಿದ್ದ ಒಬ್ಬೊಬ್ಬ ಯಹೂದಿಗೂ ಒಂದೊಂದು ಫೈಲ್ ಇಟ್ಟಿದ್ದಾರೆ. ಒಟ್ಟು 43,000. ಹೆಚ್ಚಿನವು ಇನ್ನೂ ಖಾಲಿ ಇವೆ. ನಿಮ್ಮ ಹತ್ತಿರ ಇರುವ ಒಂದು ಫೋಟೋ ಅಲ್ಲಿ ಸೇರಬಹುದು.

ಹಂತ 7: ಊರಿನಲ್ಲಿ ನಡೆಯುವ ಕ್ರಮ

ಸಣ್ಣ ಊರುಗಳಿಗೆ ರೈಲು ಇರುವುದಿಲ್ಲ. ಬ್ಯಾವಿಸ್ಟೊಕ್ ತನಕ ರೈಲು, ಅಲ್ಲಿಂದ ಕಾರು, ನಾವು ಮಾಡಿದ್ದು ಹೀಗೆ. ಬೆಳಿಗ್ಗೆ ಒಂಬತ್ತಕ್ಕೆ ಊರಿನಲ್ಲಿರಿ.

ಮೊದಲು ಮ್ಯೂಸಿಯಂ ಅಥವಾ ಪುರಸಭೆ. ಅಲ್ಲಿ ಇರುವವರೇ ಊರಿನ ಇತಿಹಾಸ ಬಲ್ಲ ಮೇಷ್ಟ್ರ ಹೆಸರು ಹೇಳುತ್ತಾರೆ. ಪ್ರತಿ ಊರಿನಲ್ಲೂ ಇಂಥವರೊಬ್ಬರು ಇರುತ್ತಾರೆ. ತಿಕೊಚಿನ್‌ನಲ್ಲಿ 1642ರ ಸಿನಗಾಗ್ ಕಟ್ಟಡವೇ ಈಗ ಮ್ಯೂಸಿಯಂ. ಒಳಗೆ ನಾಲ್ಕು ಕಂಬದ ವೇದಿಕೆ ನಡುವೆ ನಿಂತಿದೆ, ಗೋಡೆಯ ತುಂಬ ಹೀಬ್ರೂ ಪ್ರಾರ್ಥನೆಗಳನ್ನು ಬರೆದಿದ್ದಾರೆ. ಪುಸ್ತಕ ಕೊಳ್ಳಲಾಗದ ಬಡವರೂ ಗೋಡೆ ನೋಡಿ ಓದಬಹುದಿತ್ತು ಅಂತ ನನ್ನ ಮಾವ ಹೇಳಿದರು. ಅವರು ಅಲ್ಲೇ ನಿಂತು, ಗೋಡೆ ನೋಡಿಕೊಂಡು ಮೆಲ್ಲಗೆ ಒಂದು ಸಾಲು ಓದಿದರು.

ಆಮೇಲೆ ಚೌಕದಿಂದ ನಿಮ್ಮ ನಕ್ಷೆ ಹಿಡಿದು ನಡೆಯಿರಿ. ಸಿನಗಾಗ್, ಶಾಲೆ, ಸ್ನಾನದ ಮನೆ ಮಿಕ್ವೆ ಸಾಮಾನ್ಯವಾಗಿ ನೀರಿನ ಹತ್ತಿರ, ಒಂದರ ಪಕ್ಕ ಒಂದು ಇರುತ್ತಿದ್ದವು. ಹಳೇ ಮರದ ಮನೆಗಳ ಬಾಗಿಲು ನೋಡುತ್ತಾ ಹೋಗಿ. ಒಳಗೆ ಹೋಗುವಾಗ ಬಲಗಡೆ ಸಿಗುವ ಚೌಕಟ್ಟು, ಭುಜದ ಎತ್ತರಕ್ಕೆ, ಬೆರಳುದ್ದದ ಓರೆ ತೋಡು. ಮೆಜುಜಾ ಎಂಬ ಪ್ರಾರ್ಥನೆಯ ಸುರುಳಿ ಇಟ್ಟಿದ್ದ ಗುರುತು ಅದು. ಎಷ್ಟೋ ಪದರ ಬಣ್ಣ ಬಳಿದರೂ ಬೆರಳಿಟ್ಟರೆ ತಗ್ಗು ಸಿಗುತ್ತದೆ. ಆದರೆ ಮನೆಯವರನ್ನು ಕೇಳದೆ ಮುಟ್ಟಬೇಡಿ.

ಮನೆಯವರು ಬಾಗಿಲು ತೆರೆದು ಮುಖ ಬಿಗಿ ಮಾಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಆಸ್ತಿ ಕೇಳಲು ಬಂದಿದ್ದಾರೆ ಅನ್ನುವ ಭಯ ಎಷ್ಟೋ ಜನಕ್ಕೆ ಇದೆ. "ನಮ್ಮ ಮನೆಯವರ ಅಜ್ಜಿ ಈ ಊರಿನವರು. ಮನೆ, ಜಾಗ ಏನೂ ಕೇಳಲು ಬಂದಿಲ್ಲ. ಊರು ನೋಡಲು ಬಂದಿದ್ದೇವೆ" ಅಂತ ಪೋಲಿಷ್‌ನಲ್ಲಿ ಬರೆಸಿದ ಚೀಟಿ ಇಟ್ಟುಕೊಳ್ಳಿ, ಅದನ್ನೇ ಮೊದಲು ತೋರಿಸಿ. ಬೇಡ ಅಂದರೆ ನಮಸ್ಕಾರ ಹೇಳಿ ಹೊರಡಿ.

ಹಂತ 8: ಸ್ಮಶಾನದಲ್ಲಿ

ಚೀಲದಲ್ಲಿ ಬೇಕಾದದ್ದು: ಎರಡು ಬಾಟಲಿ ನೀರು, ಮೆತ್ತನೆ ಬ್ರಷ್, ಊಟದ ತಟ್ಟೆಯಷ್ಟು ಅಗಲದ ಕನ್ನಡಿ, ತೋಟದ ಕೈಗವಸು, ಗಂಡಸರಿಗೆ ತಲೆಗೆ ಟೋಪಿ. ಉದ್ದ ಪ್ಯಾಂಟ್ ಹಾಕಿ, ಅದನ್ನು ಕಾಲುಚೀಲದೊಳಗೆ ಸೇರಿಸಿ. ಚುರುಚುರು ಸೊಪ್ಪು ಒಂದು ಕಡೆ, ಉಣ್ಣಿ ಇನ್ನೊಂದು ಕಡೆ. ಉಣ್ಣಿಯಿಂದ ಲೈಮ್ ರೋಗ, ಮಿದುಳು ಜ್ವರ ಎರಡೂ ಬರಬಹುದು. ಮಿದುಳು ಜ್ವರಕ್ಕೆ ಲಸಿಕೆ ಇದೆ, ತಿಂಗಳುಗಳ ಮುಂಚೆ ಶುರು ಮಾಡಬೇಕು. ರಾತ್ರಿ ಮೈ ಪೂರ್ತಿ ನೋಡಿಕೊಳ್ಳಿ. ಆಮೇಲಿನ ವಾರಗಳಲ್ಲಿ ಚರ್ಮದ ಮೇಲೆ ಕೆಂಪು ಬಳೆಯಂತೆ ಹರಡುತ್ತಿದ್ದರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಊದುಬತ್ತಿ, ಹೂವು ಬೇಡ. ಸಣ್ಣ ಕಲ್ಲೊಂದನ್ನು ಸಮಾಧಿಯ ಮೇಲೆ ಇಡುವುದು ಅವರ ಪದ್ಧತಿ. ನಿಮ್ಮವರು ಕೊಹೆನ್ ಎಂಬ ಪುರೋಹಿತ ವಂಶದವರಾದರೆ ಅವರು ಒಳಗೆ ಬಾರದೆ ಗೇಟಿನ ಹೊರಗೇ ನಿಲ್ಲಬಹುದು, ಒತ್ತಾಯ ಮಾಡಬೇಡಿ. ಹೊರಗೆ ಬಂದ ಮೇಲೆ ಕೈ ತೊಳೆಯುತ್ತಾರೆ. ನಮ್ಮಲ್ಲೂ ಸ್ಮಶಾನದಿಂದ ಬಂದು ಕಾಲು ತೊಳೆಯದೆ ಒಳಗೆ ಬರುವುದಿಲ್ಲ, ಅಲ್ವಾ. ಆ ಬಾಟಲಿ ನೀರಲ್ಲಿ ಸ್ವಲ್ಪ ಅದಕ್ಕೂ ಉಳಿಸಿ.

ಕಲ್ಲಿನ ಅಕ್ಷರ ಕಾಣದಿದ್ದರೆ ಏನು ಮಾಡಬಾರದು ಅಂತ ಮೊದಲು ಹೇಳುತ್ತೇನೆ. ಶೇವಿಂಗ್ ಕ್ರೀಮ್ ಹಚ್ಚಬೇಡಿ, ಸೀಮೆಸುಣ್ಣ ಉಜ್ಜಬೇಡಿ, ತಂತಿ ಬ್ರಷ್ ಮುಟ್ಟಿಸಲೇಬೇಡಿ. ಮುನ್ನೂರು ವರ್ಷ ಉಳಿದದ್ದು ಐದು ನಿಮಿಷದಲ್ಲಿ ಹಾಳಾಗುತ್ತದೆ. ಕನ್ನಡಿ ಹಿಡಿಯಿರಿ. ಒಬ್ಬರು ಬಿಸಿಲಲ್ಲಿ ನಿಂತು ಬೆಳಕನ್ನು ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ಸವರಿದ ಹಾಗೆ ಬಿಡಬೇಕು, ಇನ್ನೊಬ್ಬರು ಫೋಟೋ ತೆಗೆಯಬೇಕು. ತಿಕೊಚಿನ್‌ನ ಬಯಲಿನಲ್ಲಿ ಬರೀ ಪಾಚಿ ಹಿಡಿದ ಬೂದು ಬಂಡೆ ಅಂದುಕೊಂಡಿದ್ದ ಕಲ್ಲಿನ ಮೇಲೆ ಕನ್ನಡಿಯ ಬೆಳಕು ಓರೆಯಾಗಿ ಬಿದ್ದದ್ದೇ ತಡ, ಸಾಲು ಸಾಲಾಗಿ ಅಕ್ಷರ ಎದ್ದು ಬಂದವು. ಬೆಳಕು ಸರಿಸಿದರೆ ಮತ್ತೆ ಬಂಡೆ.

ಓದಲು ಬಾರದಿದ್ದರೂ ಇಷ್ಟು ಗುರುತಿಸಿ. ಮೇಲೆ ಪೇ, ನೂನ್ ಎಂಬ ಎರಡು ಹೀಬ್ರೂ ಅಕ್ಷರ ಇದ್ದರೆ "ಇಲ್ಲಿ ಮಲಗಿದ್ದಾರೆ" ಅಂತ. ಆಶೀರ್ವದಿಸುವ ಎರಡು ಕೈ ಇದ್ದರೆ ಕೊಹೆನ್. ಹೂಜಿ ಇದ್ದರೆ ಲೇವಿ ವಂಶ, ಹಿಂದೆ ದೇವಾಲಯದ ಸೇವೆ ಮಾಡುತ್ತಿದ್ದವರು. ದೀಪಸ್ತಂಭ ಇದ್ದರೆ ಹೆಂಗಸು. ಮುರಿದ ಮರ ಇದ್ದರೆ ಚಿಕ್ಕ ವಯಸ್ಸಿಗೆ ಹೋದವರು. ಹೆಸರಿನ ಮುಂದೆ ರೇಶ್ ಅಕ್ಷರ ಕಂಡ ಕೂಡಲೇ "ನಮ್ಮ ತಾತ ರಬ್ಬಿ" ಅಂದುಕೊಳ್ಳಬೇಡಿ. ಅದು ರೆಬ್, ನಮ್ಮ ಶ್ರೀ ಇದ್ದ ಹಾಗೆ.

ವರ್ಷ ಅಕ್ಷರಗಳಲ್ಲಿ ಇರುತ್ತದೆ. ತವ್ 400, ರೇಶ್ 200, ಸಮೆಖ್ 60, ಕೂಡಿದರೆ 660. ಅದಕ್ಕೆ 1240 ಸೇರಿಸಿ, 1900. ತಿಂಗಳು ತಿಶ್ರೇ, ಹೆಶ್ವಾನ್, ಕಿಸ್ಲೇವ್ ಆಗಿದ್ದರೆ ಒಂದು ಕಳೆಯಿರಿ, 1899. ಹೊಸ ವರ್ಷ ಅವರಿಗೆ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬರುತ್ತದೆ, ಅದಕ್ಕೆ.

ಕಲ್ಲೇ ಇಲ್ಲದ ಸ್ಮಶಾನಗಳೂ ಇವೆ. ನಾಜಿಗಳು ಕಲ್ಲು ಕಿತ್ತು ರಸ್ತೆಗೆ ಹಾಸಿದರು. ಕಾಜಿಮಿಯೆಜ್ ದೊಲ್ನಿಯಲ್ಲಿ ಹಾಗೆ ಮರಳಿ ಸಿಕ್ಕ ಚೂರುಗಳನ್ನೇ ಸೇರಿಸಿ ಗೋಡೆ ಕಟ್ಟಿದ್ದಾರೆ. ಖಾಲಿ ಹುಲ್ಲುಗಾವಲು ಕಂಡರೂ ಅದು ಸ್ಮಶಾನವೇ. ಅಡ್ಡ ದಾಟಬೇಡಿ, ಅಂಚಿನಲ್ಲಿ ನಡೆಯಿರಿ.

ಹಂತ 9: ಕಾಡಿಗೂ ಹೋಗಿ

ಹೆಚ್ಚಿನ ಊರುಗಳಿಗೆ ಒಂದು ಕಾಡೋ, ಗುಂಡಿಯೋ, ರೈಲು ನಿಲ್ದಾಣವೋ ಇದೆ. ತಿಕೊಚಿನ್‌ಗೆ ವೊಪುಹೊವೊ ಕಾಡು. 1941ರ ಆಗಸ್ಟ್ 25 ಮತ್ತು 26ರಂದು ಊರಿನ ಯಹೂದಿಗಳನ್ನು ಅಲ್ಲಿಗೆ ಕರೆದೊಯ್ದು ಗುಂಡಿಟ್ಟು ಕೊಂದರು. ಬೇಲಿ ಹಾಕಿದ ಸಾಮೂಹಿಕ ಸಮಾಧಿಗಳಿವೆ. ಮರಗಳು ತುಂಬಾ ಎತ್ತರ.

ಇದನ್ನು ದಿನದ ಕೊನೆಗೆ ಇಟ್ಟುಕೊಳ್ಳಿ. ಇದಾದ ಮೇಲೆ ಬೇರೆ ಏನೂ ಇಟ್ಟುಕೊಳ್ಳಬೇಡಿ. ಚಿಕ್ಕ ಮಕ್ಕಳಿದ್ದರೆ ಏನು ಹೇಳುತ್ತೀರಿ ಅಂತ ಗಂಡಹೆಂಡತಿ ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ. ತೀರಿಕೊಂಡವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಯ ಪ್ರತಿ ಜೇಬಿನಲ್ಲಿರಲಿ. ಅಲ್ಲಿ ನೆಟ್‌ವರ್ಕ್ ಸಿಗುತ್ತದೆ ಅಂತ ನಂಬಬೇಡಿ.

ಹಂತ 10: ವಾಪಸ್ ಬಂದ ವಾರವೇ

ಫೋಟೋಗಳಿಗೆ ಅದೇ ರಾತ್ರಿ ಹೆಸರಿಡಿ: ಊರು, ಜಾಗ, ದಿನ. ಒಂದು ತಿಂಗಳ ನಂತರ ಯಾವ ಕಲ್ಲು ಎಲ್ಲಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ. ಪತ್ರ ಬರೆದವರಿಗೆ, ಕೀಲಿ ಕೊಟ್ಟವರಿಗೆ ಒಂದು ಫೋಟೋ ಕಳಿಸಿ.

ಕೊನೆಯದಾಗಿ, ಹತ್ಯಾಕಾಂಡದಲ್ಲಿ ಸತ್ತ ಯಹೂದಿಗಳ ನೆನಪಿಗಾಗಿ ಇಸ್ರೇಲಿನಲ್ಲಿರುವ ಯಾದ್ ವಾಶೆಮ್ ಸಂಸ್ಥೆಯ ಹೆಸರುಗಳ ಕೋಶ ತೆರೆದು, ಹಿಂದೆ ಉಳಿದ ನಿಮ್ಮವರು ಅಲ್ಲಿದ್ದಾರಾ ನೋಡಿ. ಇಲ್ಲದಿದ್ದರೆ ಸಾಕ್ಷ್ಯದ ಹಾಳೆ ಎಂಬ ಅರ್ಜಿ ತುಂಬಿಸಿ. ಹೆಸರು, ತಂದೆತಾಯಿ, ಕಸುಬು, ಕೊನೆಗೆ ಇದ್ದ ಊರು. ನಮ್ಮ ಮುತ್ತಜ್ಜಿಯ ಅಕ್ಕ ತಿಕೊಚಿನ್‌ನಲ್ಲೇ ಉಳಿದಿದ್ದರು, ಅವರ ಹೆಸರು ಅಲ್ಲಿರಲಿಲ್ಲ. ಕೆಳಗೆ ಬರೆಸಿದವರ ಹೆಸರು, ತೀರಿಕೊಂಡವರಿಗೆ ಏನಾಗಬೇಕು ಅಂತ ಕೇಳುವ ಸಾಲಿದೆ. ನಾನು ನನ್ನ ಹೆಸರು ಬರೆದು, ಪಕ್ಕದಲ್ಲಿ "ತಂಗಿಯ ಮರಿಮಗನ ಹೆಂಡತಿ" ಅಂತ ಬರೆದೆ.